ಬಾಡಿಗೆ ಜೆಟ್‌ನಲ್ಲಿ ಸಿಎಂ ಹೋದ್ರೆ ತಪ್ಪೇನು? ಮೊದಲು ಸೀಟಿನ ಲೆಕ್ಕ ಕೇಳಿ

2023ರ ಡಿಸೆಂಬರ್ ನೆನಪಿದೆಯಾ? ರಾಜ್ಯದಲ್ಲಿ ಬರ. ಪರಿಹಾರ ಕೇಳಲು ಮುಖ್ಯಮಂತ್ರಿ ಸಿದ್ದರಾಮಯ್ಯ ದೆಹಲಿಗೆ ಹೋಗಿದ್ದರು. ಅದೇ ಹೊತ್ತಿಗೆ ಸಚಿವ ಜಮೀರ್ ಅಹ್ಮದ್ ಖಾನ್, ಸಿಎಂ ಜೊತೆ ಖಾಸಗಿ ಜೆಟ್‌ನಲ್ಲಿ ಪ್ರಯಾಣಿಸಿದ ವಿಡಿಯೊ ಹಂಚಿಕೊಂಡರು. ಬಿಜೆಪಿ ಮುಗಿಬಿತ್ತು. ಮೋದಿ ಯಾವುದರಲ್ಲಿ ಓಡಾಡ್ತಾರೆ ಅಂತ ಸಿದ್ದರಾಮಯ್ಯ ತಿರುಗೇಟು ಕೊಟ್ಟರು. ಇಂಥ ವಿಮಾನ ಯಾವ ಕೆಲಸಕ್ಕೆ ಸರಿ, ಯಾವುದಕ್ಕೆ ದಂಡ ಅನ್ನೋ ಪ್ರಶ್ನೆ ಆ ಗದ್ದಲದಲ್ಲಿ ಕಳೆದುಹೋಯಿತು. ಎಂಜಿನಿಯರಿಂಗ್ ಓದಿದ ಚಾಳಿ ನನ್ನದು, ಲೆಕ್ಕ ಹಾಕಿಯೇ ನೋಡೋಣ.

ಏನಿದು ಮಿಡ್‌ಸೈಜ್ ಜೆಟ್?

ಇದು ಕಾನೂನಿನ ವರ್ಗವಲ್ಲ, ಮಾರುಕಟ್ಟೆಯ ಮಾತು. ನಾಲ್ಕೈದು ಜನ ಕೂರುವ ಸಣ್ಣ ಜೆಟ್‌ಗಿಂತ ದೊಡ್ಡದು, ಖಂಡ ದಾಟುವ ಗಲ್ಫ್‌ಸ್ಟ್ರೀಮ್‌ಗಿಂತ ಚಿಕ್ಕದು. ಸೆಸ್ನಾ ಸೈಟೇಷನ್ ಎಕ್ಸ್‌ಎಲ್‌ಎಸ್, ಹಾಕರ್ 800 ಇದಕ್ಕೆ ಉದಾಹರಣೆ. ಏಳೆಂಟು ಜನ ಕೂರಬಹುದು, ಗಂಟೆಗೆ 800 ಕಿ.ಮೀ. ವೇಗ. ಬೆಂಗಳೂರಿನಿಂದ ದೆಹಲಿ ಮಾತ್ರವಲ್ಲ, ದುಬೈಗೂ ನಡುವೆ ಇಳಿಯದೆ ಹೋಗಬಹುದು. ಲಂಡನ್‌ಗೆ ಆಗಲ್ಲ.

ಬಲ ಎಲ್ಲಿದೆ?

ಮೊದಲನೆಯದು ರನ್‌ವೇ. ಮೈಸೂರಿನ ರನ್‌ವೇ 1,740 ಮೀಟರ್. ದೊಡ್ಡ ಏರ್‌ಬಸ್‌ಗಳಿಗೆ ಅದು ಸಾಲದು, ಹಾಗಾಗಿ ಅಲ್ಲಿಗೆ ಬರೋದು ಪ್ರೊಪೆಲ್ಲರ್ ಇರುವ ಎಟಿಆರ್. ಎಕ್ಸ್‌ಎಲ್‌ಎಸ್‌ಗೆ ಕಂಪನಿ ಲೆಕ್ಕದಲ್ಲಿ ಸುಮಾರು 1,100 ಮೀಟರ್ ಸಾಕು. ಆದರೆ ಅದು ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾಕಿದ ಲೆಕ್ಕ. ಎತ್ತರದ ಊರಲ್ಲಿ, ಏಪ್ರಿಲ್ ಮಧ್ಯಾಹ್ನ ಗಾಳಿ ತೆಳುವಾಗುತ್ತೆ. ಆಗ ಉದ್ದ ಹೆಚ್ಚು ಬೇಕು, ಇಲ್ಲಾ ಭಾರ ಕಡಿಮೆ ಮಾಡಬೇಕು. ಹಾಗಿದ್ದರೂ ಮೈಸೂರಲ್ಲಿ ಇದಕ್ಕೆ ಜಾಗ ಉಂಟು.

ಎರಡನೆಯದು ಸಮಯ. ಬೆಂಗಳೂರಲ್ಲಿ ದೇವನಹಳ್ಳಿಯವರೆಗೆ ಹೋಗಬೇಕಿಲ್ಲ, ಎಚ್‌ಎಎಲ್ ನಿಲ್ದಾಣದಿಂದಲೇ ಹಾರಬಹುದು. ಸಭೆ ತಡವಾದರೆ ವಿಮಾನ ಕಾಯುತ್ತೆ. ನೇರ ವಿಮಾನವೇ ಇಲ್ಲದ ಎರಡು ಮೂರು ಊರುಗಳನ್ನು ಒಂದೇ ದಿನದಲ್ಲಿ ಮುಗಿಸಬಹುದು. ಪ್ರವಾಹ ಬಂದಾಗ ಅಧಿಕಾರಿಗಳ ತಂಡವನ್ನು ತಕ್ಷಣ ಕಳಿಸಬೇಕಾದರೆ ಇದು ಶೋಕಿ ಅಲ್ಲ, ಅಗತ್ಯ.

ಹಾಗಾದ್ರೆ ತಕರಾರೇನು?

ಇಂಧನ. ಇಂಥ ಜೆಟ್ ಗಂಟೆಗೆ ಹೆಚ್ಚು ಕಡಿಮೆ 800–900 ಲೀಟರ್ ಕುಡಿಯುತ್ತೆ. ದೆಹಲಿಗೆ ಎರಡೂವರೆ ಗಂಟೆ, ಅಂದ್ರೆ ಸುಮಾರು 2,100 ಲೀಟರ್. ಎಂಟೂ ಸೀಟು ತುಂಬಿದರೆ ತಲಾ 260 ಲೀಟರ್. ನಾವು ನೀವು ಹೋಗುವ ಎ320 ನಿಯೋದಲ್ಲಿ ಇದೇ ದಾರಿಗೆ ತಲಾ 40–45 ಲೀಟರ್ ಆಗಬಹುದು. ಆರು ಪಟ್ಟು ವ್ಯತ್ಯಾಸ. ಜೆಟ್‌ನಲ್ಲಿ ಮೂರೇ ಜನ ಇದ್ದರೆ? ತಲಾ 700 ಲೀಟರ್! ಬಿಟ್ಟುಬಂದ ವಿಮಾನ ಖಾಲಿ ವಾಪಸಾದರೆ ಇದು ಡಬಲ್.

ದುಡ್ಡು. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಬಾಡಿಗೆ ಜೆಟ್ ದರ ಗಂಟೆಗೆ ನಾಲ್ಕೂವರೆ–ಐದು ಲಕ್ಷ ಅಂತ ವರದಿಯಾಗಿತ್ತು. ಆ ದರದಲ್ಲಿ ದೆಹಲಿಗೆ ಹೋಗಿ ಬಂದರೆ 22ರಿಂದ 25 ಲಕ್ಷ.

ಇನ್ನೊಂದು ವಿಷಯ: ರಾಜ್ಯದೊಳಗಿನ ಓಡಾಟಕ್ಕೆ ಇದು ಅತಿಯಾಯ್ತು. ಬೆಂಗಳೂರು–ಕಲಬುರಗಿ ನೇರ ದೂರ 500 ಕಿ.ಮೀ. ಒಳಗೆ. ಕಿಂಗ್ ಏರ್ ಬಿ200 ತರಹದ ಪ್ರೊಪೆಲ್ಲರ್ ವಿಮಾನ ಕಾಲು ಗಂಟೆ ತಡವಾಗಿ ತಲುಪಬಹುದು, ಆದರೆ ಗಂಟೆಗೆ ಸುಡುವ ಇಂಧನ ಅರ್ಧದಷ್ಟು.

ಒಟ್ಟಿನಲ್ಲಿ, ಹತ್ತಿರದ ಊರಿಗೆ ಇದು ಹೆಚ್ಚಾಯ್ತು, ದೆಹಲಿಗಾದರೆ ದಿನವಿಡೀ ವಿಮಾನಗಳಿವೆ. ಇವೆರಡರ ನಡುವಿನ ಕಿರಿದಾದ ಜಾಗದಲ್ಲಿ, ಅಂದ್ರೆ ದೂರದ ಊರು, ಸಣ್ಣ ರನ್‌ವೇ, ತುಂಬಿದ ಸೀಟು ಇದ್ದಾಗ ಮಾತ್ರ ಮಿಡ್‌ಸೈಜ್ ಜೆಟ್‌ಗೆ ಸಮರ್ಥನೆ ಇದೆ.

ಚುನಾವಣೆಯ ಕಿಂಡಿ

ಇದು ಸಿಎಂ ಒಬ್ಬರ ವಿಷಯವಲ್ಲ, ಒಂದು ಪಕ್ಷದ್ದೂ ಅಲ್ಲ. ನಮ್ಮಲ್ಲಿ ಲೋಕಸಭಾ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ ಅಂತ 2022ರಲ್ಲಿ ನಿಗದಿಯಾಯಿತು. ಆದರೆ 1951ರ ಜನಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ಪಕ್ಷದ ತಾರಾ ಪ್ರಚಾರಕರ ವಿಮಾನ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರಲ್ಲ. ಪಕ್ಷದ ಖರ್ಚಿಗಂತೂ ಮಿತಿಯೇ ಇಲ್ಲ. ನಾಯಕರನ್ನು ದಿನಕ್ಕೆ ನಾಲ್ಕು ಊರಿಗೆ ಹಾರಿಸುವ ಪಕ್ಷ, ಬಸ್ಸಲ್ಲಿ ಓಡಾಡುವ ಪಕ್ಷ, ಕಾನೂನಿನ ಕಣ್ಣಲ್ಲಿ ಎರಡೂ ಸಮ. ಮೈದಾನದಲ್ಲಿ ಸಮವೇ?

ಹಾಗಾಗಿ ಮುಂದಿನ ಸಲ ಇಂಥ ವಿಡಿಯೊ ವೈರಲ್ ಆದಾಗ ಸೋಫಾ, ತಿಂಡಿ ತಟ್ಟೆ ನೋಡಿ ಸಿಟ್ಟಾಗಬೇಡಿ. ಎಷ್ಟು ಜನ ಹೋದರು? ವಾಪಸ್ ಖಾಲಿ ಬಂತಾ? ಬಿಲ್ ಯಾರು ಕಟ್ಟಿದ್ರು? ಆ ದಿನ ಬೇರೆ ವಿಮಾನ ಇರಲಿಲ್ವಾ? ಸರ್ಕಾರದ ದುಡ್ಡಾದರೆ ಆರ್‌ಟಿಐ ಅರ್ಜಿಯಲ್ಲೇ ಕೇಳಬಹುದು. ಪಕ್ಷದ ದುಡ್ಡಾದರೆ, ಚುನಾವಣೆ ಮುಗಿದ ಮೇಲೆ ಅದು ಆಯೋಗಕ್ಕೆ ಕೊಡುವ ಖರ್ಚಿನ ಪಟ್ಟಿಯಲ್ಲಿ ಹುಡುಕಿ.