98440: ಎರಡೇ ರಾಜ್ಯದ ಕಂಪನಿಯ ಕಥೆ

ಬೆಂಗಳೂರಿನ ಬಾಪೂಜಿ ನಗರದ ಹಳೆಯ ಅಂಗಡಿಗಳ ಬೋರ್ಡು ಓದುತ್ತಾ ಹೋದರೆ 98440ರಿಂದ ಶುರುವಾಗುವ ನಂಬರು ಒಂದಾದರೂ ಸಿಕ್ಕೀತು. ಅಂಥ ನಂಬರಿನ ಮಾಲೀಕರನ್ನು ಮೊಬೈಲ್ ಲೋಕದ ಹಿರಿಯರೆಂದೇ ಕರೆಯಬೇಕು. 98450 ಮೊದಲು ಜೆಟಿಎಂ, ಆಮೇಲೆ ಏರ್‌ಟೆಲ್. 98440 ಸ್ಪೈಸ್.

1990ರ ದಶಕದಲ್ಲಿ ಕೇಂದ್ರ ಸರ್ಕಾರ ದೇಶವನ್ನು ದೂರಸಂಪರ್ಕ ವೃತ್ತಗಳಾಗಿ ಹಂಚಿ, ವೃತ್ತಕ್ಕೆ ಇಬ್ಬರಂತೆ ಖಾಸಗಿಯವರಿಗೆ ಮೊಬೈಲ್ ಪರವಾನಗಿ ಕೊಟ್ಟಿತು. ಬಿ.ಕೆ. ಮೋದಿ ಅವರ ಸಮೂಹದ ಸ್ಪೈಸ್‌ಗೆ ದಕ್ಕಿದ್ದು ಕರ್ನಾಟಕ ಮತ್ತು ಪಂಜಾಬ್. ಎರಡರ ನಡುವೆ ಅರ್ಧ ಭಾರತ!

ಆಗ ನಿಮಿಷದ ಮಾತಿಗೆ 16 ರೂಪಾಯಿವರೆಗೂ ದರ. ಬಂದ ಕರೆಗೂ ದುಡ್ಡು. ರಿಂಗಾದರೆ ನಂಬರು ನೋಡಿಕೊಂಡು ಕಟ್ ಮಾಡಿ, ಕಾಯಿನ್ ಬೂತಿಗೆ ಒಂದು ರೂಪಾಯಿ ಹಾಕಿ ಮಾತಾಡುವುದೇ ಜಾಣತನ. ಕಂಪನಿಗಳೂ ಸುಖವಾಗಿರಲಿಲ್ಲ. ಹರಾಜಿನ ಹುಮ್ಮಸ್ಸಿನಲ್ಲಿ ಒಪ್ಪಿಕೊಂಡ ವಾರ್ಷಿಕ ಶುಲ್ಕವನ್ನು ಗ್ರಾಹಕರು ಬರಲಿ, ಬಿಡಲಿ ಕಟ್ಟಲೇಬೇಕಿತ್ತು. 1999ರ ಹೊಸ ದೂರಸಂಪರ್ಕ ನೀತಿ ಬಂದ ಮೇಲೆ ಆದಾಯದಲ್ಲಿ ಪಾಲು ಕೊಟ್ಟರೆ ಸಾಕಾಯಿತು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಆಟೊ ಚಾಲಕರ, ಗ್ಯಾರೇಜ್ ಹುಡುಗರ ಜೇಬಿಗೆ ಮೊಬೈಲ್ ಇಳಿದದ್ದು ಜಾಹೀರಾತುಗಳಿಗಿಂತ ಹೆಚ್ಚಾಗಿ ಈ ಎರಡು ತೀರ್ಮಾನಗಳಿಂದ ಎನ್ನುವುದು ನನ್ನ ಲೆಕ್ಕ.

ನಮ್ಮ ವೃತ್ತಗಳಂತೆ ಅಮೆರಿಕದ ಟೆಲಿಫೋನ್ ನಕ್ಷೆಯಲ್ಲೂ ಗೆರೆಗಳಿದ್ದವು. 1984ರ ಜನವರಿ 1ರಂದು ಅಲ್ಲಿನ ದೂರವಾಣಿ ಕಂಪನಿ ಎಟಿ ಅಂಡ್ ಟಿಯಿಂದ ಏಳು ಪ್ರಾದೇಶಿಕ ಕಂಪನಿಗಳು ಬೇರೆಯಾದವು. ಅವುಗಳಲ್ಲಿ 14 ರಾಜ್ಯಗಳ ಯುಎಸ್ ವೆಸ್ಟ್ ನಮ್ಮ ಬೆಂಗಳೂರಿನ ಬಿಪಿಎಲ್ ಜೊತೆ ಸೇರಿ ಮಹಾರಾಷ್ಟ್ರ, ತಮಿಳುನಾಡು, ಕೇರಳಗಳ ಪರವಾನಗಿ ಹಿಡಿಯಿತು. ಬಿಪಿಎಲ್‌ನ ಕಚೇರಿಯಿದ್ದ ಕರ್ನಾಟಕ ಮಾತ್ರ ತಪ್ಪಿಹೋಯಿತು. ಆ ಏಳರಲ್ಲೇ ಒಂದಾದ, ಟೆಕ್ಸಾಸ್ ಸೇರಿ ಐದು ರಾಜ್ಯಗಳಿಗೆ ಸೀಮಿತವಾಗಿದ್ದ ಸೌತ್‌ವೆಸ್ಟರ್ನ್ ಬೆಲ್‌ನದು ಇನ್ನೂ ಸೊಗಸಾದ ಕಥೆ. ಅದು 1997ರಲ್ಲಿ ಪೆಸಿಫಿಕ್ ಟೆಲಿಸಿಸ್ ಅನ್ನು, 1999ರಲ್ಲಿ ಅಮೆರಿಟೆಕ್ ಅನ್ನು ನುಂಗಿತು. 2005ರಲ್ಲಿ ಹೆತ್ತ ತಾಯಿ ಎಟಿ ಅಂಡ್ ಟಿಯನ್ನೇ ಕೊಂಡು ಅವಳ ಹೆಸರನ್ನೂ ಇಟ್ಟುಕೊಂಡಿತು.

ಹಾಗೆ ಬೆಳೆಯಲು ಬಲವಾದ ಬುಡ ಬೇಕು. ಸೌತ್‌ವೆಸ್ಟರ್ನ್ ಬೆಲ್‌ಗೆ ಮನೆಮನೆಯ ಲ್ಯಾಂಡ್‌ಲೈನ್ ಬಿಲ್ಲು ತಿಂಗಳು ತಿಂಗಳೂ ಬರುತ್ತಿತ್ತು. ಸ್ಪೈಸ್ ಹೊಸ ಗ್ರಾಹಕರನ್ನೇ ನಂಬಿ ಟವರ್ ಎಬ್ಬಿಸಬೇಕಿತ್ತು. ಎದುರಾಳಿ ಜೆಟಿಎಂ ಅನ್ನು 1999ರಲ್ಲಿ ಏರ್‌ಟೆಲ್‌ನ ಭಾರ್ತಿ ಕೊಂಡು ದೇಶದುದ್ದಕ್ಕೂ ಹರಡಿದ ಮೇಲೆ ಎರಡೇ ರಾಜ್ಯದವರಿಗೆ ಪೈಪೋಟಿ ಕಷ್ಟವಾಯಿತು. ಮಲೇಷ್ಯಾದ ಟೆಲಿಕಾಂ ಕಂಪನಿ ಪಾಲುದಾರನಾಗಿ ಬಂದರೂ ಸ್ಪೈಸ್‌ನ ಸೇವೆ ಆ ಎರಡು ರಾಜ್ಯಗಳನ್ನು ದಾಟಲಿಲ್ಲ.

2008ರ ಜೂನ್‌ನಲ್ಲಿ ಐಡಿಯಾ ಮೊಬೈಲ್ ಕಂಪನಿ, ಸ್ಪೈಸ್‌ನಲ್ಲಿ ಮೋದಿ ಸಮೂಹಕ್ಕಿದ್ದ ಸುಮಾರು ಶೇ 40ರಷ್ಟು ಪಾಲನ್ನು 2,700 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಕೊಳ್ಳುವುದಾಗಿ ಪ್ರಕಟಿಸಿತು. ಕರ್ನಾಟಕ, ಪಂಜಾಬಿನಲ್ಲಿ ಐಡಿಯಾದ ಸೇವೆ ಇನ್ನೂ ಶುರುವಾಗಿರಲಿಲ್ಲ. ಸಿದ್ಧ ಗ್ರಾಹಕರಿಗಾಗಿ ಅದು ತೆತ್ತ ಬೆಲೆ ಇದು. ಐಡಿಯಾ 2018ರಲ್ಲಿ ವೊಡಾಫೋನ್ ಜೊತೆ ಕೂಡಿತು. 2020ರಲ್ಲಿ ಹೆಸರು 'ವಿ' ಆಯಿತು. ಪೋರ್ಟ್ ಮಾಡಿಸಿಕೊಳ್ಳದ ಹಳೆಯ ಸ್ಪೈಸ್ ಗ್ರಾಹಕ ನಂಬರು ಬದಲಿಸದೆಯೇ ಮೂರು ಕಂಪನಿಗೆ ಬಿಲ್ ಕಟ್ಟಿದ.