ಗೇಟು ದೊಡ್ಡದು, ಕಂಬ ಬಡಪಾಯಿ!

ಅಮೃತಹಳ್ಳಿ: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಗೇಟು ಹಾಕಿಸಿ ನೋಡು ಅನ್ನೋದನ್ನ ಮರೆತರು. ಅವರ ಕಾಲಕ್ಕೆ ಅದರ ಜರೂರೂ ಇರಲಿಲ್ಲ. ಊರು ಹಳ್ಳಿಯಾಗಿದ್ದಾಗ ಹಿತ್ತಲಿಗೆ ಬಿದಿರಿನ ತಡಿಕೆ ಕಟ್ಟಿದರೆ ದನ-ಕುರಿ ನುಗ್ಗುತ್ತಿರಲಿಲ್ಲ, ಅಷ್ಟಕ್ಕೆ ಕೆಲಸ ಮುಗಿಯುತ್ತಿತ್ತು.

2007ರಲ್ಲಿ ಬ್ಯಾಟರಾಯನಪುರ ನಗರಸಭೆ ಬೆಂಗಳೂರು ಮಹಾನಗರ ಪಾಲಿಕೆಯ ಹೊಟ್ಟೆಗೆ ಸೇರಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಯಿತು. ಬಳ್ಳಾರಿ ರಸ್ತೆ ಪಕ್ಕದ ಮಣ್ಣಿಗೆ ಚಿನ್ನದ ಬೆಲೆ ಬಂತು. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಮಾನ್ಯತಾ ಟೆಕ್ ಪಾರ್ಕು. ನಡುವೆ 30-40 ಸೈಟುಗಳಲ್ಲಿ ಮನೆಗಳು ಎದ್ದವು. ಮನೆಗೊಂದು ಕಾರು ಬಂತು, ಕಾರಿಗೊಂದು ಗೇಟು ಬಂತು.

ಈಗ ಗೇಟೇ ಮನೆಯ ಮುಖ. ಯಜಮಾನರು ವೆಲ್ಡಿಂಗ್ ಅಂಗಡಿಗೆ ಹೋದರೆ ಮೊದಲು ಕೇಳೋದು ಡಿಸೈನು. ನವಿಲು ಬೇಕೋ, ಬಳ್ಳಿ ಬೇಕೋ? ಬಣ್ಣ ಕಪ್ಪೋ, ಕಾಫಿ ಬಣ್ಣವೋ? ಎಷ್ಟು ತೂಕ, ಅದನ್ನ ಹೊರೋದು ಯಾರು ಅಂತ ಕೇಳುವವರು ಅಪರೂಪ.

ಎರಡು ಮೂಟೆ ಸಿಮೆಂಟು

ಲೆಕ್ಕ ಹಾಕಿ ಸ್ವಾಮಿ. 10 ಅಡಿ ಅಗಲ, 5 ಅಡಿ ಎತ್ತರದ ಗೇಟು. ಒಂದೂವರೆ ಮಿಲಿಮೀಟರ್ ದಪ್ಪದ ಕಬ್ಬಿಣದ ಶೀಟು ಹೊದಿಸಿದರೆ ಶೀಟೊಂದೇ 55 ಕಿಲೋ ಹತ್ತಿರ. ಚೌಕ ಪೈಪಿನ ಚೌಕಟ್ಟು, ನಡುಪಟ್ಟಿ, ಚಿಲಕ ಎಲ್ಲಾ ಸೇರಿ ನೂರು ಕಿಲೋ ಆಸುಪಾಸು. ಅಂದರೆ ಎರಡು ಮೂಟೆ ಸಿಮೆಂಟು. ಎರಡು ಕದದ ಗೇಟಾದರೆ ಕದಕ್ಕೊಂದು ಮೂಟೆ, ಹಗಲೂ ರಾತ್ರಿ ಕಂಬಕ್ಕೆ ಜೋತುಬಿದ್ದಿರುತ್ತೆ.

ಈ ಭಾರ ಕೆಳಕ್ಕೆ ಮಾತ್ರ ಒತ್ತೋದಿಲ್ಲ, ಪಕ್ಕಕ್ಕೂ ಎಳೆಯುತ್ತೆ. 50 ಕಿಲೋ ತೂಕದ, 5 ಅಡಿ ಅಗಲದ ಕದಕ್ಕೆ ಎರಡು ಕೀಲು, ಅವುಗಳ ನಡುವೆ 4 ಅಡಿ ಅಂತರ ಅಂತಿಟ್ಟುಕೊಳ್ಳಿ. ಮೇಲಿನ ಕೀಲನ್ನ ಕಂಬದಿಂದ ಕೀಳುವ ಎಳೆತ ಸುಮಾರು 31 ಕಿಲೋ. ಇನ್ನು 20 ಕಿಲೋ ತೂಗೋ ಮಗು ಕದದ ತುದಿ ಹಿಡಿದು ಜೋಕಾಲಿ ಆಡಿದರೆ? ಎಳೆತ 56 ಕಿಲೋಗೆ ಏರುತ್ತೆ. ಬೀದಿಯ ಯಾವ ಮಗು ಗೇಟಿನ ಮೇಲೆ ನಿಂತು ಆಡಿಲ್ಲ ಹೇಳಿ!

ಹೀಗಿರುವಾಗ ಬರೀ ಇಟ್ಟಿಗೆ ಕಂಬ ಒಡೆದು, ಕೀಲಿನ ಕಾಲು ತುರುಕಿ, ಮೇಲೊಂದಿಷ್ಟು ಗಾರೆ ಮೆತ್ತಿ, ಸಂಜೆಗೇ ಗೇಟು ನೇತುಹಾಕುವ ಆತುರ ಒಳ್ಳೆಯದಲ್ಲ. ಕಂಬದೊಳಗೆ ಕಂಬಿ ಇರಬೇಕು, ಅದಕ್ಕೆ ಪಾಯ ಇರಬೇಕು. ಕೀಲು ಕೂರಿಸಿದ ಮೇಲೆ ಒಂದು ವಾರವಾದರೂ ನೀರುಣಿಸಬೇಕು. ಗೃಹಪ್ರವೇಶದ ಮುಹೂರ್ತಕ್ಕೆ ಸಿಮೆಂಟು ಕಾಯೋದಿಲ್ಲ, ಮುಹೂರ್ತವೇ ಸಿಮೆಂಟಿಗೆ ಕಾಯಬೇಕು.

ಇಪ್ಪತ್ತರಲ್ಲಿ ಹತ್ತು

ಎರಡನೇ ತಕರಾರು ರಸ್ತೆಯದು. ಮನೆ ಮುಂದೆ ಬಿಟ್ಟ ಜಾಗದಲ್ಲಿ ಕಾರು ನಿಂತರೆ ಅದರ ಮೂತಿ ಗೇಟಿಗೆ ತಾಗುತ್ತೆ. ಒಳಗೆ ತೆರೆಯಲು ಜಾಗವಿಲ್ಲ, ಹಾಗಾಗಿ ಗೇಟು ಹೊರಗೆ ತೆರೆಯುತ್ತೆ. ರಸ್ತೆ 20 ಅಡಿ. ಈ ಮನೆಯ ಕದ 5 ಅಡಿ ತಿಂದಿತು. ಎದುರು ಮನೆಯದೂ ಹೊರಗೇ ತೆರೆದರೆ ಇನ್ನೈದು. ಉಳಿದ ಹತ್ತರಲ್ಲಿ ಹಾಲಿನವರು, ಸ್ಕೂಲ್ ವ್ಯಾನು, ಬಸ್ ಹಿಡಿಯಲು ಮುಖ್ಯರಸ್ತೆಗೆ ಓಡುವವರು ಎಲ್ಲಾ ನುಸುಳಬೇಕು.

ಅದರ ಮೇಲೆ ಕಾರು ಹತ್ತಲು ರಾಂಪು. ಅದೂ ರಸ್ತೆಯಲ್ಲೇ, ಚರಂಡಿಯ ಬಾಯಿ ಮುಚ್ಚಿ. ಮಳೆ ನೀರಿಗೆ ದಾರಿ ಕಾಣದಿದ್ದರೆ ಪಕ್ಕದ ಮನೆಗೆ ನುಗ್ಗುತ್ತೆ, ಮತ್ತೆಲ್ಲಿಗೆ ಹೋದೀತು? ರಾಂಪಿನ ಇಳಿಜಾರು ಸ್ವಂತ ಸೈಟಿನೊಳಗೆ ಇರಬೇಕು. ಚರಂಡಿ ದಾಟಲೇಬೇಕಾದರೆ, ಎತ್ತಿ ಕಸ ತೆಗೆಯಲು ಬರುವ ಕಬ್ಬಿಣದ ಜಾಲರಿ ಸಾಕು. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು, ಬೋರ್ಡು ಬದಲಾಯಿತು. 20 ಅಡಿ ರಸ್ತೆ ಮಾತ್ರ 20 ಅಡಿಯಾಗಿಯೇ ಉಳಿಯಿತು.

ಜಾರೋ ಗೇಟಿನ ಜೀವ ಎಲ್ಲಿದೆ?

ಜಾಗವಿಲ್ಲದವರಿಗೆ ದಾರಿ ಎರಡು. ಮಡಚುವ ನಾಲ್ಕು ಕದದ ಗೇಟು ಒಂದು, ಹಳಿಯ ಮೇಲೆ ಪಕ್ಕಕ್ಕೆ ಜಾರುವ ಗೇಟು ಇನ್ನೊಂದು. ಜಾರೋ ಗೇಟು ನೋಡಲು ಚೆಂದ, ರಸ್ತೆಗೂ ತೊಂದರೆಯಿಲ್ಲ. ಆದರೆ ಅದನ್ನ ನೆಟ್ಟಗೆ ನಿಲ್ಲಿಸಿರೋದು ಕೆಳಗಿನ ಗಾಲಿಯಲ್ಲ, ಮೇಲುಗಡೆ ಎರಡೂ ಬದಿ ಹಿಡಿದಿರೋ ಪುಟ್ಟ ರೋಲರುಗಳು. ಹಳಿಯ ತುದಿಯಲ್ಲಿ ಗಟ್ಟಿಯಾದ ತಡೆ ಇಲ್ಲದಿದ್ದರೆ, ಜೋರಾಗಿ ತಳ್ಳಿದ ಗೇಟು ರೋಲರು ದಾಟಿ ಹೋಗುತ್ತೆ. ಆಮೇಲೆ ಅದಕ್ಕೆ ಆಸರೆಯೇ ಇಲ್ಲ. ತಳ್ಳಿದವರ ಮೇಲೇ ಮಗುಚಬಹುದು.

ಇದು ಹೆದರಿಸುವ ಮಾತಲ್ಲ. 2024ರ ಸೆಪ್ಟೆಂಬರ್ 22ರಂದು ಮಲ್ಲೇಶ್ವರದಲ್ಲಿ ಪಾಲಿಕೆಯ ಆಟದ ಮೈದಾನದ ಕಬ್ಬಿಣದ ಗೇಟು ಬಿದ್ದು ಬಾಲಕನೊಬ್ಬ ಪ್ರಾಣ ಬಿಟ್ಟ. ಮೈದಾನದ ಗೇಟಿಗಾಗಲಿ ಮನೆ ಗೇಟಿಗಾಗಲಿ, ಕಬ್ಬಿಣದ ಭಾರ ಒಂದೇ.

ಹಾಗಾದರೆ ಏನು ಮಾಡ್ಬೇಕು? ಬಾಕಿ ಹಣ ಕೊಡೋ ಮುಂಚೆ ಗೇಟನ್ನ ಹತ್ತು ಸಲ ತೆಗೆದು ಹಾಕಿ ನೋಡಿ. ಅರ್ಧಕ್ಕೆ ಬಿಟ್ಟರೆ ತಾನಾಗೇ ಓಡುತ್ತಾ? ಕದದ ತುದಿ ನೆಲ ಕೆರೆಯುತ್ತಾ? ಹಾಗಿದ್ದರೆ ಕಂಬ ಇಲ್ಲವೇ ಕೀಲು ಆಗಲೇ ಸೋತಿದೆ. ಜಾರೋ ಗೇಟಾದರೆ ಹಳಿಯ ಎರಡೂ ತುದಿಯ ತಡೆಗೆ ಜೋರಾಗಿ ಒದ್ದು ನೋಡಿ. ಮೋಟಾರು ಗೇಟಾದರೆ ಅಡ್ಡ ಏನಾದರೂ ಬಂದರೆ ನಿಲ್ಲುತ್ತಾ, ಕರೆಂಟು ಹೋದಾಗ ಕೈಯಲ್ಲಿ ತೆಗೆಯೋಕೆ ಬರುತ್ತಾ ಅಂತ ಎದುರಿಗೇ ಮಾಡಿಸಿ ನೋಡಿ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ವೆಲ್ಡಿಂಗ್ ಜಾಗದ ತುಕ್ಕು ಕೆರೆದು, ರೆಡ್ ಆಕ್ಸೈಡ್ ಬಳಿಸಿ.

ಅರಿಶಿನ-ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕುಂಬಳಕಾಯಿಯನ್ನೂ ಒಡೆಯಿರಿ. ಬೇಡ ಅನ್ನೋರು ಯಾರು? ಅದಕ್ಕೆ ಮುಂಚೆ ಮೇಲಿನ ಕೀಲನ್ನ ಒಂದ್ಸಲ ಅಲ್ಲಾಡಿಸಿ ನೋಡಿ, ಅಷ್ಟೇ.