ಲಾಡಿಗೂ ಒಂದು ಕುಲಗೋತ್ರ

ಬೂಟಿನ ಲೇಸು ಹುರಿಯೋ, ಹೆಣೆದ ಪಟ್ಟಿಯೋ? ಅದನ್ನು ಕಟ್ಟಿಕೊಂಡು ನಡೆಯುವವರಿಗೆ ಈ ಪ್ರಶ್ನೆ ನಗೆ ತರಿಸೀತು. ಆದರೆ ವಿದೇಶದಿಂದ ಬಂದ ಲೇಸಿನ ಪೆಟ್ಟಿಗೆ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋದಿಂದ ಹೊರಬೀಳಬೇಕಾದರೆ ಯಾರಾದರೂ ಇದಕ್ಕೆ ಉತ್ತರ ಬರೆಯಲೇಬೇಕು. ಉಡುಪು ಕಾರ್ಖಾನೆಗಳ ಆಮದು ಕಾಗದಪತ್ರಗಳನ್ನು ಹಲವು ವರ್ಷ ಸಿದ್ಧಪಡಿಸಿದ ನನಗೆ ಬಟ್ಟೆಯ ಥಾನುಗಳಿಗಿಂತ ಹೆಚ್ಚು ತಲೆನೋವು ತಂದವು ಲಾಡಿ, ಗೊಂಡೆ, ಕೊಕ್ಕೆ ಸಿಕ್ಕಿಸಿದ ಹುರಿಗಳೇ.

ವಿಶ್ವ ಕಸ್ಟಮ್ಸ್ ಸಂಘಟನೆಯ ಪದ್ಧತಿಯೊಂದು 1988ರಿಂದ ಜಗತ್ತಿನ ಸರಕನ್ನೆಲ್ಲ ಆರಂಕಿಯ ಸಂಕೇತಗಳಲ್ಲಿ ವಿಂಗಡಿಸುತ್ತ ಬಂದಿದೆ. ಭಾರತ ಅದಕ್ಕೆ ಇನ್ನೆರಡು ಅಂಕಿ ಸೇರಿಸಿಕೊಂಡಿದೆ. ಹುರಿ, ಹಗ್ಗಗಳ ಶೀರ್ಷಿಕೆ 5607. ಅದೇ ಹುರಿಯನ್ನು ಅಳತೆಗೆ ಕತ್ತರಿಸಿ ತುದಿಗೆ ಕುಣಿಕೆಯನ್ನೋ ಉಂಗುರವನ್ನೋ ಹಾಕಿದರೆ 5609. ಗೊಂಡೆ, ಕುಚ್ಚು, ಉದ್ದಕ್ಕೆ ಸುತ್ತಿಟ್ಟ ಹೆಣಿಗೆ ಪಟ್ಟಿಗಳು 5808. ಬೂಟಿನ ಲೇಸಿನದಂತೂ ಇನ್ನೂ ವಿಚಿತ್ರ. ತುದಿ ಕಟ್ಟಿದ ಲೇಸುಗಳು 6307ಕ್ಕೆ ಸೇರುತ್ತವೆ. ಆದರೆ ನೂಲು ಅಥವಾ ಹುರಿಯಿಂದ ಮಾಡಿದ್ದಾದರೆ 5609 ಎನ್ನುತ್ತದೆ ವಿವರಣಾ ಟಿಪ್ಪಣಿ. ಅಂಗಡಿಯಲ್ಲಿ ಒಂದೇ ಮೊಳೆಗೆ ತೂಗುಹಾಕಿದ ಎರಡು ಜೋಡಿ ಲೇಸುಗಳು ಸುಂಕದ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಇರಬಲ್ಲವು!

ಇದನ್ನು ಅಧಿಕಾರಶಾಹಿಯ ಹುಚ್ಚಾಟವೆಂದು ತಳ್ಳಿಹಾಕುವವನು ನಾನಲ್ಲ. ಕೆಲವು ಗೆರೆಗಳು ಅಚ್ಚುಕಟ್ಟಾಗಿಯೇ ಇವೆ. ಹೊಸೆದ ಪಾಲಿಯೆಸ್ಟರ್ ನೂಲು 10,000 ಡೆಸಿಟೆಕ್ಸ್ ಮೀರಿದರೆ ಅದು ನೂಲಲ್ಲ, ಹುರಿ. ಡೆಸಿಟೆಕ್ಸ್ ಎಂದರೆ 10,000 ಮೀಟರ್ ನೂಲಿನ ಗ್ರಾಂ ತೂಕ. ಅಂದರೆ ಒಂದು ಮೀಟರ್ ಒಂದು ಗ್ರಾಮಿಗಿಂತ ಹೆಚ್ಚು ತೂಗಬೇಕು. ಹತ್ತಿಯದಾದರೆ ಎರಡು ಗ್ರಾಮಿಗಿಂತ ಹೆಚ್ಚು. ತಕ್ಕಡಿ ತೀರ್ಮಾನಿಸುವ ವಿಷಯದಲ್ಲಿ ಜಗಳವಿಲ್ಲ. ಜಗಳವಿರುವುದು ಹೊಸೆಯದೆ ಹೆಣೆದ ಹುರಿಯಲ್ಲಿ. ಅಲ್ಲಿ ತೂಕ ಲೆಕ್ಕಕ್ಕಿಲ್ಲ. ಬಿಗಿಯಾಗಿ, ಒತ್ತಾಗಿ ಹೆಣೆದಿದ್ದರೆ 5607, ಸಡಿಲವಾಗಿದ್ದರೆ 5808. ಎಷ್ಟು ಬಿಗಿ? ಅದಕ್ಕೆ ಅಂಕಿಯಿಲ್ಲ. ಟೋಪಿಯಂಗಿಯ ಕೊರಳಿಗೆ ಪೋಣಿಸುವ ಲಾಡಿಯನ್ನು ಇಬ್ಬರು ಅಧಿಕಾರಿಗಳು ಹಿಸುಕಿ ನೋಡಿ ಎರಡು ಅಭಿಪ್ರಾಯ ಕೊಟ್ಟರೆ ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು.

ಶೀರ್ಷಿಕೆ ಬದಲಾದರೆ ಸುಂಕದ ದರವೂ ವಿನಾಯಿತಿಯ ಅರ್ಹತೆಯೂ ಬದಲಾಗಬಹುದು. 2011ರಲ್ಲಿ ಸ್ವಯಂ ನಿರ್ಧರಣೆ ಜಾರಿಗೆ ಬಂದ ಮೇಲೆ ಶೀರ್ಷಿಕೆಯನ್ನು ಮೊದಲು ಆರಿಸಬೇಕಾದವನು ಆಮದುದಾರನೇ. ಆತನ ಆಯ್ಕೆಯನ್ನು ಇಲಾಖೆ ಎರಡು ವರ್ಷಗಳವರೆಗೆ ಪ್ರಶ್ನಿಸಬಹುದು. ಬೇಕೆಂದೇ ತಪ್ಪು ಹೇಳಿದನೆಂದು ತೀರ್ಮಾನವಾದರೆ ಐದು ವರ್ಷಗಳ ಬಾಕಿ, ಬಡ್ಡಿ, ಜೊತೆಗೆ ಸುಂಕದಷ್ಟೇ ದಂಡ. ವಿನಾಯಿತಿ ಅಧಿಸೂಚನೆಯ ಸಂದಿಗ್ಧದ ಲಾಭ ತೆರಿಗೆದಾರನಿಗಲ್ಲ, ಸರ್ಕಾರಕ್ಕೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರಲ್ಲಿ ಹೇಳಿಯಾಗಿದೆ. ನಾನು ಬಲ್ಲ ಸಣ್ಣ ಉದ್ಯಮಿಯೊಬ್ಬರು ಪ್ರತಿ ಸಲವೂ ಲಾಡಿಯ ಮಾದರಿಯನ್ನು ಲಗತ್ತಿಸಿ, ಪರೀಕ್ಷೆ ಮುಗಿಸಿಕೊಂಡೇ ಸರಕು ಬಿಡಿಸಿಕೊಂಡಿದ್ದರು. ವರ್ಷಗಳ ನಂತರ ಬಂದ ನೋಟಿಸಿನಲ್ಲಿ ‘ತಪ್ಪು ಘೋಷಣೆ’ ಎಂಬ ಪದವಿತ್ತು. ಹಣಕ್ಕಿಂತ ಆ ಪದ ಅವರನ್ನು ಹೆಚ್ಚು ನೋಯಿಸಿತು. ಓದಿನ ಭಿನ್ನತೆಯನ್ನು ವಂಚನೆಯೆಂದು ಕರೆಯುವ ಈ ಆತುರವನ್ನು ನಾನು ಒಪ್ಪಲಾರೆ.

ಪರಿಹಾರ ಇಲ್ಲವೆಂದಲ್ಲ. ದೆಹಲಿ ಮತ್ತು ಮುಂಬೈಯಲ್ಲಿ 2021ರಿಂದ ಮುಂಗಡ ತೀರ್ಪಿನ ಪ್ರಾಧಿಕಾರಗಳು ಕೆಲಸ ಮಾಡುತ್ತಿವೆ. ಸರಕು ತರಿಸುವ ಮೊದಲೇ ಕೇಳಿದರೆ ಮೂರು ತಿಂಗಳಲ್ಲಿ ಉತ್ತರ ಸಿಗಬೇಕು. ಕಾನೂನು ಬದಲಾಗದಿದ್ದರೆ ಅದು ಕೆಲವು ವರ್ಷ ಊರ್ಜಿತ. ಆದರೆ ಆ ತೀರ್ಪಿನ ರಕ್ಷಣೆ ಕೇಳಿದವನಿಗೆ ಮಾತ್ರ. ಪಕ್ಕದ ಕಾರ್ಖಾನೆಯವನು ಅದೇ ಲಾಡಿ ತರಿಸಿದರೂ ಮತ್ತೆ ಅರ್ಜಿ ಹಾಕಬೇಕು. ತೀರ್ಪುಗಳನ್ನು ಓದಲು ಸಿಗುವಂತೆ ಮಾಡಿದ್ದು ಒಳ್ಳೆಯದೇ. ಆದರೆ ಲಾಡಿಯ ಬಿಗಿಯನ್ನು ಓದಿ ತಿಳಿಯುವುದು ಹೇಗೆ? ತೀರ್ಪಾದ ಹುರಿಯ ಗೇಣುದ್ದದ ತುಂಡನ್ನು ಪ್ರತಿ ಕಂಟೇನರ್ ಡಿಪೋದಲ್ಲೂ ಗಾಜಿನ ಕಪಾಟಿನಲ್ಲಿಟ್ಟು, ಕೆಳಗೆ ಅದರ ಶೀರ್ಷಿಕೆ ಬರೆದಿಡಲಿ. ಅಧಿಕಾರಿಯೂ ಆಮದುದಾರನೂ ಅದೇ ತುಂಡನ್ನು ಮುಟ್ಟಿ ನೋಡಲಿ.